2024ರ ಲೋಕಸಭೆ ಫಲಿತಾಂಶ: ‘ಬಿದ್ದ ಮತವೇ ಬೇರೆ, ಎಣಿಸಿದ ಮತವೇ ಬೇರೆ’ ಅನ್ನೋ ಫಾರ್ವರ್ಡ್‌ಗಳನ್ನ ಪರಿಶೀಲಿಸೋದು ಹೇಗೆ?

ಮಲೆನಾಡ ಮಳೆ ಕೇಳಿದ್ದು:

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ 2024ರ ಜೂನ್ 4 ಇನ್ನೂ ಮುಗಿದಿಲ್ಲ. ಬಿಜೆಪಿ 240ಕ್ಕೆ ನಿಂತಿದ್ದಕ್ಕೆ ಸರ್ಕಾರ ರಚಿಸಿದವರೇ ಸಪ್ಪಗಾದರು, 99 ಬಂದಿದ್ದಕ್ಕೆ ಕಾಂಗ್ರೆಸ್‌ನವರು ಪಟಾಕಿ ಹೊಡೆದರು. ಆಮೇಲೆ ಯಾವ ರಾಜ್ಯದ ಚುನಾವಣೆ ಬಂದ್ರೂ ಹಳೇ ಮೆಸೇಜ್‌ಗಳೇ ಮತ್ತೆ ಸುತ್ತು ಹೊಡೀತಿವೆ. ಎರಡೂ ಕಡೆಯವು ಇವೆ:

1. ಬಿದ್ದ ಮತಕ್ಕೂ ಎಣಿಸಿದ ಮತಕ್ಕೂ ಐದೂವರೆ ಲಕ್ಷ ವ್ಯತ್ಯಾಸ.
2. ಮುಂಬೈನಲ್ಲಿ ಮೊಬೈಲ್ ಒಟಿಪಿ ಹಾಕಿ ಇವಿಎಂ ತೆರೆದರು, 48 ಮತದಲ್ಲಿ ಗೆಲ್ಲಿಸಿದರು.
3. ಅಯೋಧ್ಯೆಯವರು ಕೈಕೊಟ್ಟರು, ಅಲ್ಲಿಗೆ ಹೋದ್ರೆ ಏನೂ ಕೊಳ್ಳಬೇಡಿ.
4. ಬಿಜೆಪಿ ಮತ ಶೇಕಡಾವಾರು ಹಾಗೇ ಇದೆ, 63 ಸೀಟು ಎಲ್ಲಿಗೆ ಹೋಯ್ತು?

ಯಾವ ಪಕ್ಷ ಸರಿ ಅನ್ನೋ ಜಗಳ ಇಲ್ಲಿ ಬೇಡ. ಇಂಥದ್ದಕ್ಕೆ ಯಾವ ಕಾಗದ ನೋಡಬೇಕು, ಅದರಲ್ಲಿ ಯಾವ ಸಾಲು ನೋಡಬೇಕು ಅನ್ನೋದು ಗೊತ್ತಿದ್ದವರು ಹೇಳಿ.

---

ಎಣಿಕೆ ಟೇಬಲ್ 7:

ಮೊದಲನೇದಕ್ಕೆ ಮಾತ್ರ ಹೇಳ್ತೀನಿ.

ಮತದಾನದ ಸಂಜೆ ಟಿವಿಯಲ್ಲಿ ಬರೋ ಶೇಕಡಾವಾರು ಅಂದಾಜಿನ ಲೆಕ್ಕ. ಸೆಕ್ಟರ್ ಅಧಿಕಾರಿಗಳು ಎರಡೆರಡು ಗಂಟೆಗೆ ಫೋನ್ ಮಾಡಿ ಕೇಳಿ ಒಟ್ಟು ಹಾಕಿದ್ದು. ಸಮಯ ಮುಗಿದಾಗ ಕ್ಯೂನಲ್ಲಿ ಇರೋರಿಗೆ ಕ್ರಮಸಂಖ್ಯೆಯ ಚೀಟಿ ಕೊಡ್ತಾರೆ. ಅದನ್ನ ಕ್ಯೂನ ಕೊನೆಯವರಿಂದ ಶುರು ಮಾಡಿ ಮುಂದಕ್ಕೆ ಹಂಚೋದು, ಆಮೇಲೆ ಬಂದವರು ಹಿಂದೆ ಸೇರಿಕೊಳ್ಳದ ಹಾಗೆ. ಆ ಚೀಟಿಯವರೆಲ್ಲ ಮತ ಹಾಕೋವರೆಗೂ ಮತಗಟ್ಟೆ ಮುಚ್ಚಲ್ಲ, ಆ ಮತಗಳು ಸಂಜೆಯ ಲೆಕ್ಕಕ್ಕೆ ಪೂರ್ತಿ ಸಿಗೋದೂ ಇಲ್ಲ. ಸಂಜೆಗೂ ಅಂತಿಮಕ್ಕೂ ಅಂತರ ಬರೋದಕ್ಕೆ ಇದೊಂದು ಮುಖ್ಯ ಕಾರಣ.

ಕಾನೂನಿನ ಲೆಕ್ಕ ಅಂದ್ರೆ ಫಾರಂ 17ಸಿ ಭಾಗ 1. ಮತದಾನ ಮುಗಿದ ತಕ್ಷಣ ಮತಗಟ್ಟೆಯ ಉಸ್ತುವಾರಿ ಇರೋ ಪ್ರಿಸೈಡಿಂಗ್ ಆಫೀಸರ್ ಸಹಿ ಹಾಕಿ ಅಲ್ಲಿರೋ ಪ್ರತಿ ಅಭ್ಯರ್ಥಿಯ ಏಜೆಂಟ್‌ಗೂ ನಕಲು ಕೊಡಬೇಕು. ಅದರಲ್ಲಿ ಯಂತ್ರಗಳ ನಂಬರ್, ಕಾಗದದ ಸೀಲ್‌ಗಳ ನಂಬರ್, 17ಎ ರಿಜಿಸ್ಟರ್‌ನಲ್ಲಿ ಸಹಿ ಮಾಡಿದವರ ಸಂಖ್ಯೆ, ಸಹಿ ಮಾಡಿಯೂ ಮತ ಹಾಕಲ್ಲ ಅಂದವರು, ಗೋಪ್ಯತೆ ಮುರಿದಿದ್ದಕ್ಕೆ ಮತ ಹಾಕಗೊಡದವರು, ಕೊನೆಗೆ ಕಂಟ್ರೋಲ್ ಯೂನಿಟ್ (ಇವಿಎಂನಲ್ಲಿ ಮತ ದಾಖಲಾಗೋ ಭಾಗ) ತೋರಿಸಿದ ಒಟ್ಟು ಮತ ಇರುತ್ತೆ. ಸಹಿ ಮಾಡಿದವರಲ್ಲಿ ನಡುವಿನ ಎರಡನ್ನೂ ಕಳೆದರೆ ಯಂತ್ರದ ಸಂಖ್ಯೆ ಬರಬೇಕು. ಒಂದೆರಡು ಮತ ತಾಳೆಯಾಗದೆ ಇದ್ರೆ ಮೊದಲು ಈ ಕಳೆಯೋ ಸಾಲುಗಳನ್ನ ನೋಡಿ, ಗಲಾಟೆ ಆಮೇಲೆ.

ಇನ್ನು ಎಣಿಸಿದ್ದು ಕಡಿಮೆ ಯಾಕೆ? ಮತದಾನಕ್ಕೆ 90 ನಿಮಿಷ ಮೊದಲು ಏಜೆಂಟರ ಎದುರು ಕನಿಷ್ಠ 50 ಮತದ ಅಣಕು ಮತದಾನ ಆಗುತ್ತೆ. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್ ಅಂತ ಮೂರು ಗುಂಡಿ ಅದೇ ಕ್ರಮದಲ್ಲಿ ಒತ್ತಬೇಕು. ವಿವಿಪ್ಯಾಟ್‌ನ (ಹಾಕಿದ ಮತವನ್ನ ಚೀಟಿಯಲ್ಲಿ ಮುದ್ರಿಸೋ ಯಂತ್ರ) ಅಣಕು ಚೀಟಿಗಳನ್ನ ತೆಗೆದು, ಹಿಂದೆ ಸ್ಟಾಂಪ್ ಹೊಡೆದು, ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು. ಆ ಗಡಿಬಿಡಿಯಲ್ಲಿ ಮರೆಯೋದು ಕ್ಲಿಯರ್ ಗುಂಡಿ. ಮರೆತರೆ ಅಣಕು ಮತಗಳು ನಿಜ ಮತಗಳ ಜೊತೆ ಉಳಿದು ಯಂತ್ರದ ಒಟ್ಟು 17ಸಿಗಿಂತ ಜಾಸ್ತಿ ತೋರಿಸುತ್ತೆ. ಅಂಥ ಯಂತ್ರವನ್ನ ಎಣಿಕೆ ದಿನ ಪಕ್ಕಕ್ಕೆ ಇಡ್ತಾರೆ. ಗೆಲುವಿನ ಅಂತರ ಆ ಮತಗಟ್ಟೆಗಳ ಒಟ್ಟು ಮತಕ್ಕಿಂತ ದೊಡ್ಡದಿದ್ರೆ ಅದನ್ನ ಎಣಿಸದೆಯೇ ಫಲಿತಾಂಶ ಘೋಷಣೆ. ಅಂತರ ಚಿಕ್ಕದಿದ್ರೆ ಅಲ್ಲಿನ ವಿವಿಪ್ಯಾಟ್ ಚೀಟಿ ಎಣಿಸ್ತಾರೆ.

ಐದೂವರೆ ಲಕ್ಷದ ಮೂಲ, ಚುನಾವಣಾ ಸುಧಾರಣೆಗೆ ಕೆಲಸ ಮಾಡೋ ಎಡಿಆರ್ ಸಂಸ್ಥೆಯ 2024ರ ಜುಲೈ ವರದಿ. 362 ಕ್ಷೇತ್ರಗಳಲ್ಲಿ 5,54,598 ಮತ ಕಡಿಮೆ ಎಣಿಸಿದ್ದಾರೆ, 176ರಲ್ಲಿ 35,093 ಹೆಚ್ಚು ಅಂತ ಅದರಲ್ಲಿದೆ. ಸಂಖ್ಯೆ ದೊಡ್ಡದಾಗಿ ಕಾಣುತ್ತೆ. ಆದ್ರೆ ದೇಶದಲ್ಲಿ ಸುಮಾರು ಹತ್ತೂವರೆ ಲಕ್ಷ ಮತಗಟ್ಟೆ, 64 ಕೋಟಿ ಮತ, ಅಂದ್ರೆ ಮತಗಟ್ಟೆಗೆ ಸರಾಸರಿ 610. ಆ ಲೆಕ್ಕಕ್ಕೆ 5.54 ಲಕ್ಷ ಅಂದ್ರೆ ಸುಮಾರು 900 ಯಂತ್ರ ಪಕ್ಕಕ್ಕೆ ಇಟ್ಟ ಹಾಗೆ, ಕ್ಷೇತ್ರಕ್ಕೆ ಎರಡೋ ಮೂರೋ. ಇದು ಅಳತೆ ಗೊತ್ತಾಗಲಿ ಅಂತ ಹಾಕಿದ ಲೆಕ್ಕ. ನಿಮ್ಮ ಕ್ಷೇತ್ರದಲ್ಲಿ ಆಗಿದ್ದು ಇದೇನಾ ಅಂತ ನೋಡೋಕೆ ಫಾರಂ 20ರಿಂದ (ಮತಗಟ್ಟೆವಾರು ಅಂತಿಮ ಫಲಿತಾಂಶದ ಪಟ್ಟಿ) ಶುರು ಮಾಡಬೇಕು.

---

ಬೆಟ್ಟದ ನೆಲ್ಲಿ:

ಮೇಲಿನವರ ಲೆಕ್ಕ ಒಪ್ಪಿದೆ. ಆದ್ರೆ ಅನುಮಾನ ಪಟ್ಟವರೆಲ್ಲ ದಡ್ಡರಲ್ಲ. ಏಪ್ರಿಲ್ 19ರ ಮೊದಲ ಹಂತದ ಸಂಜೆ ಸುಮಾರು ಶೇ 60 ಅಂದ್ರು. ಅಂತಿಮ ಶೇ 66.14 ಬಂದಿದ್ದು ಏಪ್ರಿಲ್ 30ಕ್ಕೆ, ಹನ್ನೊಂದು ದಿನದ ಮೇಲೆ. ಅದೂ ಬರೀ ಶೇಕಡಾವಾರು. ಎಷ್ಟು ಜನ ಮತ ಹಾಕಿದ್ರು ಅನ್ನೋ ಸಂಖ್ಯೆ ಕೊಟ್ಟಿದ್ದು ಮೇ 25ರಂದು, ಐದು ಹಂತ ಮುಗಿದ ಮೇಲೆ. ಅದರ ಹಿಂದಿನ ದಿನ ತಾನೇ, 17ಸಿ ನಕಲುಗಳನ್ನ ವೆಬ್‌ಸೈಟಿಗೆ ಹಾಕಿಸಿ ಅನ್ನೋ ಕೋರಿಕೆಗೆ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಡಲ್ಲ ಅಂದಿತ್ತು. 17ಸಿ ಆ ರಾತ್ರಿಯೇ ಕೈಲಿರುತ್ತೆ ಅಂದಮೇಲೆ ಕೂಡಿಸೋದಕ್ಕೆ ಹನ್ನೊಂದು ದಿನ ಯಾಕೆ ಬೇಕು? ಪಕ್ಕಕ್ಕೆ ಇಟ್ಟ ಯಂತ್ರಗಳ ಪಟ್ಟಿಯನ್ನ ಕಾರಣದ ಸಮೇತ ಹಾಕಿದ್ರೆ ‘ಕಡಿಮೆ’ಯ ವಾದ ಒಂದೇ ದಿನದಲ್ಲಿ ಮುಗೀತಿತ್ತು. ‘ಹೆಚ್ಚು’ ಎಣಿಸಿದ 35,093ಕ್ಕೆ ಕ್ಲಿಯರ್ ಗುಂಡಿಯ ಸಮಜಾಯಿಷಿ ಸಾಲೋದೂ ಇಲ್ಲ, ಅಂಥ ಯಂತ್ರ ಎಣಿಕೆಗೇ ಬರಬಾರದಲ್ವಾ.

2024ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆಸೋ ನಿಯಮಗಳಲ್ಲಿ ನಿಯಮ 93 ತಿದ್ದಿ ಸಿಸಿಟಿವಿ ದೃಶ್ಯಗಳನ್ನ ಸಾರ್ವಜನಿಕರು ನೋಡೋ ದಾಖಲೆಗಳ ಸಾಲಿನಿಂದ ಹೊರಗಿಟ್ಟರು. 2025ರ ಮೇನಲ್ಲಿ, ತಕರಾರು ಅರ್ಜಿ ಇಲ್ಲದಿದ್ರೆ 45 ದಿನಕ್ಕೆ ಅಳಿಸಬಹುದು ಅಂದರು. ಇಷ್ಟಾದ ಮೇಲೆ ಫಾರ್ವರ್ಡ್ ನಿಲ್ಲಲಿ ಅಂದ್ರೆ ಹೇಗೆ ನಿಲ್ಲುತ್ತೆ?

---

ಒಗ್ಗರಣೆ ಡಬ್ಬಿ:

ಎರಡನೇದು: ಮುಂಬೈ ವಾಯವ್ಯ. ಇದು ಅರ್ಧ ನಿಜ, ಅದಕ್ಕೇ ಇಷ್ಟು ದಿನ ಬದುಕಿದೆ.

ಇವಿಎಂನಲ್ಲಿ ಶಿವಸೇನೆ ಉದ್ಧವ್ ಬಣದ ಅಮೋಲ್ ಕೀರ್ತಿಕರ್ 4,51,095, ಶಿಂದೆ ಬಣದ ರವೀಂದ್ರ ವಾಯ್ಕರ್ 4,51,094. ಒಂದೇ ಮತ ಕೀರ್ತಿಕರ್ ಮುಂದೆ. ಅಂಚೆ ಮತ ಕ್ರಮವಾಗಿ 1,501 ಮತ್ತು 1,550. ಕೂಡಿಸಿದ್ರೆ ವಾಯ್ಕರ್ 48 ಮುಂದೆ. ಅಂದ್ರೆ ಫಲಿತಾಂಶ ತಿರುಗಿಸಿದ್ದು ಕಾಗದದ ಮತ. ಯಂತ್ರದ ಎಣಿಕೆ ನಿಂತಿದ್ದು ಸೋತವರ ಪರವಾಗಿ. ‘ಇವಿಎಂ ತೆರೆದು ಗೆಲ್ಲಿಸಿದರು’ ಅನ್ನೋ ಕಥೆಗೆ ಇದೇ ಕೊಡಲಿ ಏಟು.

ಒಟಿಪಿ ನಿಜ, ಆದ್ರೆ ಅದು ಎನ್‌ಕೋರ್ ಅನ್ನೋ ಆನ್‌ಲೈನ್ ವ್ಯವಸ್ಥೆಗೆ ಲಾಗಿನ್ ಆಗೋದಕ್ಕೆ. ಪ್ರತಿ ಸುತ್ತಿನ ಅಂಕಿಗಳನ್ನ ಅಲ್ಲಿ ತುಂಬ್ತಾರೆ, ಆಯೋಗದ ಫಲಿತಾಂಶದ ಪುಟಕ್ಕೆ ಅಲ್ಲಿಂದ ಹೋಗುತ್ತೆ. ಇವಿಎಂಗೆ ಒಟಿಪಿ ಹಾಕೋ ಜಾಗವೇ ಇಲ್ಲ, ವೈಫೈ ಬ್ಲೂಟೂತ್ ಯಾವುದೂ ಇಲ್ಲ. ಎಣಿಕೆ ಕೇಂದ್ರದೊಳಗೆ ಮೊಬೈಲ್ ಅನಧಿಕೃತ ಕೈಗೆ ಹೋಗಿದ್ದು ಮಾತ್ರ ತಪ್ಪೇ, ಅದಕ್ಕೆ ಕೇಸ್ ದಾಖಲಾಯ್ತು. ಸುದ್ದಿ ಮಾಡಿದ ಪತ್ರಿಕೆ ಆಮೇಲೆ ಕ್ಷಮೆ ಕೇಳಿತು. ಫಾರ್ವರ್ಡ್‌ಗಳಲ್ಲಿ ಕ್ಷಮೆ ಬರಲಿಲ್ಲ ಅಷ್ಟೇ. ಕೀರ್ತಿಕರ್ ಅವರ ಅರ್ಜಿಯನ್ನ ಬಾಂಬೆ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ವಜಾ ಮಾಡಿತು.

ಗಮನಿಸಬೇಕಾದ್ದು ಅಂಚೆ ಮತ. ಹೊರಗಿನ ಲಕೋಟೆ 13ಸಿ ಒಡೆದಾಗ ಒಳಗೆ ಎರಡು ಇರಬೇಕು: 13ಎ ಘೋಷಣೆ, ಮತ್ತೆ ಮತಪತ್ರ ಇರೋ 13ಬಿ ಲಕೋಟೆ. 13ಎ ಇಲ್ಲ, ಸಹಿ ಇಲ್ಲ, ದೃಢೀಕರಣ ಇಲ್ಲ, ಅಥವಾ ಎರಡರ ಮೇಲಿನ ಕ್ರಮಸಂಖ್ಯೆ ಬೇರೆ ಬೇರೆ ಅಂದ್ರೆ 13ಬಿಯನ್ನ ಒಡೆಯದೇ ತಿರಸ್ಕಾರ. ಚುನಾವಣಾ ಕೆಲಸಕ್ಕೆ ಹೋದ ಸರ್ಕಾರಿ ನೌಕರರ ಮತಗಳೇ ಹೀಗೆ ಸಾಯೋದು, ವಿಪರ್ಯಾಸ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆ ಇದ್ರೆ ಅವನ್ನೆಲ್ಲ ಮತ್ತೆ ನೋಡಲೇಬೇಕು. ಮುಂಬೈ ವಾಯವ್ಯದಲ್ಲಿ ಅಂಥವು 111 ಇದ್ದವು, ನೋಡಿದರು. ನಮ್ಮಲ್ಲಿ 2023ರ ವಿಧಾನಸಭೆಯಲ್ಲಿ ಜಯನಗರ 16 ಮತದಲ್ಲಿ ತೀರ್ಮಾನ ಆಗಿದ್ದೂ ತಿರಸ್ಕೃತ ಅಂಚೆ ಮತಗಳ ಜಗ್ಗಾಟದಲ್ಲೇ.

---

ಲೆಕ್ಕದ ಮೇಷ್ಟ್ರು:

ಮೂರು, ನಾಲ್ಕು ಎರಡೂ ಭೂಗೋಳದ ಪ್ರಶ್ನೆ.

‘ಅಯೋಧ್ಯೆ’ ಅನ್ನೋ ಲೋಕಸಭಾ ಕ್ಷೇತ್ರವೇ ಇಲ್ಲ. ಇರೋದು ಫೈಜಾಬಾದ್. ಅದರಲ್ಲಿ ಐದು ವಿಧಾನಸಭಾ ಕ್ಷೇತ್ರ: ದರಿಯಾಬಾದ್, ರುದೌಲಿ, ಮಿಲ್ಕಿಪುರ, ಬೀಕಾಪುರ, ಅಯೋಧ್ಯಾ. ದರಿಯಾಬಾದ್ ಇರೋದು ಪಕ್ಕದ ಬಾರಾಬಂಕಿ ಜಿಲ್ಲೆಯಲ್ಲಿ. ಸಮಾಜವಾದಿ ಪಕ್ಷದ ಅವಧೇಶ್ ಪ್ರಸಾದ್ 54,567 ಮತದಿಂದ ಗೆದ್ದರು. ಆದ್ರೆ ವಿಧಾನಸಭಾವಾರು ಬಿಡಿಸಿ ನೋಡಿ: ದೇವಸ್ಥಾನ ಇರೋ ಅಯೋಧ್ಯಾ ಭಾಗದಲ್ಲಿ ಬಿಜೆಪಿಗೇ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮುನ್ನಡೆ. ಉಳಿದ ನಾಲ್ಕರಲ್ಲಿ ಹಿನ್ನಡೆ. ಅಂದ್ರೆ ‘ಅಲ್ಲಿ ಹೂವು ಕೊಳ್ಳಬೇಡಿ, ಟೀ ಕುಡೀಬೇಡಿ’ ಅಂತ ಬೈದಿದ್ದು ಬಿಜೆಪಿಗೆ ಮುನ್ನಡೆ ಕೊಟ್ಟ ಊರಿನ ಅಂಗಡಿಯವರಿಗೆ! ಅವರು ಬೇರೆಯವರಿಗೆ ಮತ ಹಾಕಿದ್ರೂ ಬೈಯೋಕೆ ಇವರ್ಯಾರು ಅನ್ನೋದು ಬೇರೆ ಮಾತು.

ಶೇಕಡಾವಾರು: ಬಿಜೆಪಿ 2019ರಲ್ಲಿ ಸುಮಾರು ಶೇ 37.3, 303 ಸೀಟು. 2024ರಲ್ಲಿ ಶೇ 36.56, 240. ಒಂದಕ್ಕಿಂತ ಕಡಿಮೆ ಇಳಿಕೆಗೆ 63 ಸೀಟು ಹೋಗುತ್ತಾ ಅಂದ್ರೆ, ಹೋಗುತ್ತೆ. ದೇಶದ ಸರಾಸರಿಗೆ ಸೀಟು ಹಂಚಲ್ಲ, ಕ್ಷೇತ್ರಕ್ಕೊಂದು. ತಮಿಳುನಾಡಿನಲ್ಲಿ ಮತ ಏರಿತು, ಒಂದು ಸೀಟೂ ಬರಲಿಲ್ಲ. ಉತ್ತರ ಪ್ರದೇಶದಲ್ಲಿ ಇಳಿಯಿತು, 62 ಇದ್ದದ್ದು 33 ಆಯ್ತು. ಅಲ್ಲಿ ಸಮಾಜವಾದಿ ಪಕ್ಷ ಮತ್ತು ಕಾಂಗ್ರೆಸ್ ಸೀಟು ಹಂಚಿಕೊಂಡು ನಿಂತಿದ್ದರಿಂದ ಎದುರಿನ ಮತ ಒಡೆಯಲಿಲ್ಲ.

ಅಷ್ಟು ದೂರ ಯಾಕೆ, ಕರ್ನಾಟಕ ನೋಡಿ. ಬಿಜೆಪಿ ಶೇ 46.06, 17 ಸೀಟು. ಕಾಂಗ್ರೆಸ್ ಶೇ 45.43, 9 ಸೀಟು. ಅದೂ ಬಿಜೆಪಿ 25 ಕಡೆ ಮಾತ್ರ ನಿಂತು, ಉಳಿದ ಮೂರು ಜೆಡಿಎಸ್‌ಗೆ ಬಿಟ್ಟಿತ್ತು. ಮುಕ್ಕಾಲು ಪರ್ಸೆಂಟೂ ಇಲ್ಲದ ವ್ಯತ್ಯಾಸಕ್ಕೆ ಹೆಚ್ಚುಕಮ್ಮಿ ಎರಡರಷ್ಟು ಸೀಟು. ದೇಶದ ಲೆಕ್ಕಕ್ಕೆ ಮೋಸ ಅನ್ನೋರು ಇದಕ್ಕೇನಂತಾರೆ?

---

ಕರಿ ಕೋಟು:

ಯಾರಿಗಾದ್ರೂ ನಿಜವಾದ ತಕರಾರು ಇದ್ರೆ ಗಡಿಯಾರ ನೋಡಿಕೊಂಡು ಓಡಬೇಕು.

ಎಣಿಕೆ ಹಾಲ್‌ನಲ್ಲೇ: ಒಟ್ಟು ಮತ ಪ್ರಕಟಿಸಿದ ಮೇಲೆ, ಆರ್‌ಒ (ಕ್ಷೇತ್ರದ ಚುನಾವಣಾಧಿಕಾರಿ) ಫಾರಂ 20ಕ್ಕೆ ಸಹಿ ಹಾಕೋ ಮುಂಚೆ, ನಿಯಮ 63ರಡಿ ಕಾರಣ ಬರೆದು ಮರುಎಣಿಕೆ ಕೇಳಬೇಕು. ಸಹಿ ಬಿದ್ದ ಮೇಲೆ ಆ ಬಾಗಿಲು ಮುಚ್ಚಿತು. ವಿವಿಪ್ಯಾಟ್ ಚೀಟಿ ಎಣಿಸಿ ಅಂತ ಕೇಳೋದು 56ಡಿ ಅಡಿ. ಚೀಟಿಗೂ ಯಂತ್ರಕ್ಕೂ ವ್ಯತ್ಯಾಸ ಬಂದ್ರೆ ಚೀಟಿಯ ಲೆಕ್ಕವೇ ಅಂತಿಮ. ಯಾರೂ ಕೇಳದಿದ್ರೂ ಪ್ರತಿ ವಿಧಾನಸಭಾ ಭಾಗಕ್ಕೆ ಲಾಟರಿ ಎತ್ತಿ 5 ಮತಗಟ್ಟೆಯ ಚೀಟಿ ಎಣಿಸಲೇಬೇಕು. ನಮ್ಮ ಒಂದು ಲೋಕಸಭಾ ಕ್ಷೇತ್ರದಲ್ಲಿ 8 ಭಾಗ, ಅಲ್ಲಿಗೆ 40. ಬ್ಯಾಂಕ್ ಕ್ಯಾಷಿಯರ್ ಗೂಡಿನಂಥ ಜಾಲರಿಯೊಳಗೆ ಕೂತು 25ರ ಕಟ್ಟು ಕಟ್ಟಿ ಎಣಿಸ್ತಾರೆ. ಎಣಿಕೆ ಏಜೆಂಟರು ಈ ಹೊತ್ತಿಗೆ ಊಟಕ್ಕೆ ಎದ್ದು ಹೋಗೋದೇ ದೊಡ್ಡ ತಪ್ಪು.

ಫಲಿತಾಂಶದಿಂದ 7 ದಿನ: 2024ರ ಏಪ್ರಿಲ್ 26ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಎರಡನೇ ಮೂರನೇ ಸ್ಥಾನದವರು ಪ್ರತಿ ವಿಧಾನಸಭಾ ಭಾಗದ ಶೇ 5 ಯಂತ್ರಗಳ ಮೈಕ್ರೊಕಂಟ್ರೋಲರ್ (ಒಳಗಿನ ಚಿಪ್) ಪರಿಶೀಲನೆ ಕೇಳಬಹುದು. ಮತಗಟ್ಟೆ ಅಥವಾ ಯಂತ್ರದ ಕ್ರಮಸಂಖ್ಯೆ ಅವರೇ ಆರಿಸಬಹುದು. ಲೋಕಸಭೆ ನಂತರ ಒಂದು ಸೆಟ್‌ಗೆ 40,000 ರೂಪಾಯಿ ಮತ್ತು ಜಿಎಸ್‌ಟಿ ಇತ್ತು. ಆ ಶುಲ್ಕ ತೀರಾ ಜಾಸ್ತಿ, ಯಂತ್ರದಲ್ಲಿರೋ ದತ್ತಾಂಶವನ್ನೂ ಅಳಿಸಬೇಡಿ ಅಂತ 2025ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿತು. ಯಂತ್ರ ತಿರುಚಿದ್ದು ಸಾಬೀತಾದ್ರೆ ಹಣ ವಾಪಸ್. ದೇಶಕ್ಕೆಲ್ಲ ಬಂದಿದ್ದು 8 ಅರ್ಜಿ, ಕೇಳಿದವರಲ್ಲಿ ಬಿಜೆಪಿಯವರೂ ಇದ್ದರು, ಕಾಂಗ್ರೆಸ್‌ನವರೂ ಇದ್ದರು.

ಫಲಿತಾಂಶದಿಂದ 45 ದಿನ: ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. ಅಭ್ಯರ್ಥಿಯೇ ಆಗಬೇಕಿಲ್ಲ, ಆ ಕ್ಷೇತ್ರದ ಮತದಾರರಾದ್ರೂ ಸಾಕು. ಠೇವಣಿ 2,000 ರೂಪಾಯಿ. ಒಂದು ದಿನ ತಡವಾದ್ರೂ ಹೋಯ್ತು. ‘ಅಕ್ರಮ ನಡೀತು’ ಅಂದ್ರೆ ಸಾಲಲ್ಲ, ಬಹುತೇಕ ಆಧಾರಗಳಲ್ಲಿ ಅದರಿಂದ ಫಲಿತಾಂಶವೇ ಬದಲಾಯ್ತು ಅಂತ ತೋರಿಸಬೇಕು. ಮಾಲೂರು ವಿಧಾನಸಭಾ ಕ್ಷೇತ್ರ ನೋಡಿ, 2023ರಲ್ಲಿ 248 ಮತದ ಅಂತರ. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆಯ್ಕೆ ಅಸಿಂಧು ಮಾಡಿ ಮರುಎಣಿಕೆಗೆ ಹೇಳಿತು. ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ಕೊಟ್ಟು, ಮರುಎಣಿಕೆ ಆಗಲಿ ಆದ್ರೆ ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಬರಲಿ ಅಂತು. ಎರಡು ವರ್ಷದ ಮೇಲೂ ಬಾಗಿಲು ತೆರೆದಿತ್ತು ಅಂದ್ರೆ ಗಡುವಿನೊಳಗೆ ಅರ್ಜಿ ಬಿದ್ದಿತ್ತು ಅಂತ ಅರ್ಥ.

ಮಹದೇವಪುರವನ್ನ ಇದರ ಜೊತೆ ಕಲಸಬೇಡಿ. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಮಾಡಿದ್ದು 1,00,250 ನಕಲಿ ಮತದಾರರು ಅನ್ನೋ ಆರೋಪ. ಅದು ಮತದಾರರ ಪಟ್ಟಿಯ ವಿಷಯ, ಯಂತ್ರದ್ದಲ್ಲ. ಪಟ್ಟಿಗೆ ಆಕ್ಷೇಪಣೆ ಫಾರಂ 7ರಲ್ಲಿ. ಆದೇಶ ಒಪ್ಪಿಗೆಯಾಗದಿದ್ರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಆಮೇಲೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಕರಡು ಪಟ್ಟಿ ಬಂದಾಗ ಬೂತ್ ಮಟ್ಟದ ಏಜೆಂಟರು ಓದದೆ ಬಿಟ್ಟರೆ ಫಲಿತಾಂಶ ಬಂದ ಮೇಲೆ ಕೋರ್ಟಿನಲ್ಲಿ ಅದನ್ನ ಕೆದಕೋದು ಬಹಳ ಕಷ್ಟ.

---

ಮಲೆನಾಡ ಮಳೆ:

ಎಲ್ಲರಿಗೂ ಧನ್ಯವಾದ. ಫಾರಂ 20 ಎಲ್ಲಿ ಸಿಗುತ್ತೆ? 17ಸಿ ಇಲ್ಲದೆ ಅದೊಂದರಿಂದ ತಾಳೆ ನೋಡೋಕೆ ಆಗುತ್ತಾ?

---

ಎಣಿಕೆ ಟೇಬಲ್ 7:

ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಸಿಗುತ್ತೆ. ಲೋಕಸಭಾ ಕ್ಷೇತ್ರದ ಹೆಸರಲ್ಲಿ ಹುಡುಕಿ, ಆಮೇಲೆ ವಿಧಾನಸಭಾ ಭಾಗ. ಸಾಮಾನ್ಯವಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್, ಒಳಗೆ ಹೆಸರು ಟೈಪ್ ಮಾಡಿ ಹುಡುಕೋಕೆ ಆಗಲ್ಲ. ಮತಗಟ್ಟೆಯ ಕ್ರಮಸಂಖ್ಯೆಯಿಂದಲೇ ನೋಡಬೇಕು. ಪ್ರತಿ ಸಾಲಿನಲ್ಲಿ ಅಭ್ಯರ್ಥಿವಾರು ಮತ, ನೋಟಾ, ಒಟ್ಟು, ಟೆಂಡರ್ ಮತ (ತಮ್ಮ ಹೆಸರಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದಾಗ ಕಾಗದದಲ್ಲಿ ಹಾಕೋ ಮತ). ಕೊನೆಯ ಪುಟದಲ್ಲಿ ಇವಿಎಂ ಒಟ್ಟು, ಅಂಚೆ ಮತ ಬೇರೆ ಬೇರೆ ಇರುತ್ತೆ. ಆಯೋಗದ ಮತದಾನ ಪ್ರಮಾಣದಲ್ಲಿ ಅಂಚೆ ಮತ ಸೇರಿರಲ್ಲ, ಆದ್ದರಿಂದ ಇವಿಎಂ ಸಾಲನ್ನೇ ಹೋಲಿಸಿ. ಮಧ್ಯೆ ಯಾವುದಾದ್ರೂ ಮತಗಟ್ಟೆಗೆ ಪೂರ್ತಿ ಸೊನ್ನೆ ಇದ್ರೆ ಅದು ಪಕ್ಕಕ್ಕೆ ಇಟ್ಟ ಯಂತ್ರ ಇರಬಹುದು, ಇಲ್ಲಾ ಜನ ಬಹಿಷ್ಕಾರ ಹಾಕಿದ ಊರು. ಎರಡರಲ್ಲಿ ಯಾವುದು ಅನ್ನೋದಕ್ಕೆ 17ಸಿ ಬೇಕೇ ಬೇಕು. ಆ ಮತಗಟ್ಟೆಯಲ್ಲಿ ಕೂತಿದ್ದ ಯಾವ ಪಕ್ಷದ ಏಜೆಂಟ್ ಹತ್ತಿರ ಇದ್ರೂ ನಡೆಯುತ್ತೆ, ಎಲ್ಲರಿಗೂ ಕೊಡೋದು ಅದೇ ಫಾರಂನ ನಕಲು.