ಗುಂಡುತೋಪಿನಲ್ಲಿ ಫಿರಂಗಿ ಇತ್ತೇ? ‘ತೋಪು’ ಪದದ ಬಗ್ಗೆ

ಕರಡುತಿದ್ದಿ:
ಗ್ರಾಮದ ಇತಿಹಾಸದ ಪುಸ್ತಿಕೆಯೊಂದರ ಕರಡಿನಲ್ಲಿ ಹೀಗಿದೆ: ‘ಪಹಣಿಯಲ್ಲಿ ಈ ಜಾಗವನ್ನು ಸರ್ಕಾರಿ ಗುಂಡುತೋಪು ಎಂದು ದಾಖಲಿಸಿರುವುದರಿಂದ ಇಲ್ಲಿ ಪಾಳೆಯಗಾರರ ಫಿರಂಗಿ ಇತ್ತು.’ ಗುಂಡೂ ಇದೆ, ತೋಪೂ ಇದೆ, ನಿಜ. ಆದರೆ ಅಷ್ಟರಿಂದಲೇ ಹೀಗೆ ಬರೆಯಬಹುದೇ?

ಹಳೇಪಹಣಿ:
ಬರೆಯಬೇಡಿ. ಕಂದಾಯ ದಾಖಲೆಯಲ್ಲಿ ಗುಂಡುತೋಪು ಎಂದರೆ ಊರಿನವರ ನೆರಳಿಗೆ, ದನ ನಿಲ್ಲುವುದಕ್ಕೆ ಬಿಟ್ಟ ಮರಗಳ ಸರ್ಕಾರಿ ಜಾಗ. ಹುಣಸೆ, ಹೊಂಗೆ, ಮಾವು ಇದ್ದ ಕಡೆ ಈ ಹೆಸರು ಸಾಮಾನ್ಯ. ಸರ್ವೆ ನಂಬರ್ ಹಿಡಿದು ಆಕಾರ್‌ಬಂದ್ (ಜಮೀನಿನ ವಿಸ್ತೀರ್ಣ, ಕಂದಾಯ ಬರೆದಿಡುವ ಸರ್ವೆ ದಾಖಲೆ) ಮತ್ತು ಗ್ರಾಮ ನಕಾಶೆ ತೆಗೆಸಿ, ವಿಸ್ತೀರ್ಣ ನೋಡಿ (40 ಗುಂಟೆಗೆ ಒಂದು ಎಕರೆ). ಈಗ ಮರ ಒಂದೂ ಉಳಿಯದಿದ್ದರೂ ಹೆಸರು ಮಾತ್ರ ಪಹಣಿಯಲ್ಲಿ ಉಳಿದಿರುತ್ತದೆ, ಗೊಂದಲ ಹುಟ್ಟುವುದು ಅಲ್ಲೇ. ಫಿರಂಗಿ ನಿಂತ ಜಾಗವಾದರೆ ಬುರುಜು ಎಂದೋ ಬತ್ತೇರಿ ಎಂದೋ ಹೆಸರಿರುವ ಸಂಭವ ಹೆಚ್ಚು; ಮಂಗಳೂರಿನ ಸುಲ್ತಾನ್ ಬತ್ತೇರಿ ನೋಡಿ.

ಪದಮೂಲ:
ಇವು ಎರಡು ಬೇರೆ ಪದಗಳು, ಕನ್ನಡಕ್ಕೆ ಬಂದ ಮೇಲೆ ಒಂದೇ ರೂಪ ತಾಳಿದವು. ಮರಗಳ ತೋಪು ದ್ರಾವಿಡದ್ದು: ತಮಿಳಿನ ತೋಪ್ಪು, ತೆಲುಗಿನ ತೋಪು. ಸಿಡಿಯುವ ತೋಪು ತುರ್ಕಿಯದು. ಆ ಭಾಷೆಯಲ್ಲಿ ‘ತೋಪ್’ ಎಂದರೆ ಚೆಂಡು, ಫಿರಂಗಿ ಎರಡೂ. ಇಸ್ತಾಂಬುಲ್‌ನ ತೋಪ್‌ಕಾಪಿ ಎಂದರೆ ತೋಪಿನ ಬಾಗಿಲು. ಅದು ಪಾರ್ಸಿ, ದಖನಿ ದಾಟಿ ತೋಪಖಾನೆಯ ಜೊತೆಗೇ ನಮಗೆ ಬಂತು. ಬಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಿನ ಕೊನೆಗೆ ‘ರೂಮಿ’ ಎಂದಿದೆ, ಅಂದರೆ ತುರ್ಕಿ ಸೀಮೆಯವನು. ಪದ ಬಂದ ದಾರಿ ಅದರಲ್ಲೇ ಕಾಣುತ್ತದೆ.

ಪಕ್ಕದ ಭಾಷೆಗಳೇ ಇದಕ್ಕೆ ಸಾಕ್ಷಿ. ಹಿಂದಿ, ಮರಾಠಿಯ ‘ತೋಪ್’ಗೆ ಮರಗಳ ಅರ್ಥವೇ ಇಲ್ಲ. ತಮಿಳಿನಲ್ಲಿ ತೋಪ್ಪು ಮರಗಳಿಗೆ, ಪೀರಂಗಿ ಯುದ್ಧಕ್ಕೆ.

ಓದುವಾಗ ಮುಂದಿನ, ಹಿಂದಿನ ಪದ ನೋಡಿ. ಹಿಂದೆ ಮರದ ಹೆಸರಿದ್ದರೆ (ಮಾವಿನ ತೋಪು) ಮರಗಳು. ಮುಂದೆ ಹಾರಿಸು, ಸಿಡಿಸು, ಖಾನೆ ಬಂದರೆ ಫಿರಂಗಿ. ‘ತೋಪಿನ ಹತ್ತಿರ’ ಎಂದಷ್ಟೇ ಇದ್ದರೆ ಸಂದರ್ಭವಿಲ್ಲದೆ ತೀರ್ಮಾನಿಸಬೇಡಿ. ‘ಸಿನಿಮಾ ತೋಪೆದ್ದು ಹೋಯ್ತು’ ಎಂದರೆ ನೆಲಕಚ್ಚಿತು ಎಂದರ್ಥ, ಅಲ್ಲಿ ಯಾರೂ ಗುಂಡು ಹಾರಿಸಿಲ್ಲ.

ದಸರಾನೋಟ:
ಇನ್ನೊಂದು ತೋಪನ್ನು ಸೇರಿಸಲೇಬೇಕು: ಮೈಸೂರು ದಸರಾದ ಕುಶಾಲತೋಪು. ಈ ಕುಶಾಲು ಸಂಸ್ಕೃತದ ಕುಶಲವಲ್ಲ, ಪಾರ್ಸಿಯ ಖುಷ್‌ಹಾಲ್, ಸಂತೋಷದ ಸ್ಥಿತಿ. ರಾಷ್ಟ್ರಗೀತೆಯ ಹೊತ್ತಿಗೆ 21 ಸುತ್ತು. ಒಳಗೆ ಬರೀ ಮದ್ದು, ಗುಂಡಿಲ್ಲ. ಪ್ರತಿ ಸುತ್ತು ಸಿಡಿದ ಮೇಲೆ ಒದ್ದೆ ಬಟ್ಟೆ ಸುತ್ತಿದ ಕೋಲನ್ನು ನಳಿಗೆಯ ತಳ ಮುಟ್ಟುವಂತೆ ತಿರುಗಿಸಿ ತೆಗೆಯುತ್ತಾರೆ. ತಳದಲ್ಲಿ ಒಂದು ಕಿಡಿ ಉಳಿದರೂ, ಮದ್ದು ತುಂಬುವಾಗಲೇ ಹೊತ್ತಿಕೊಂಡು ತುಂಬುವವರ ಕೈಗೇ ಹೊಡೆಯುತ್ತದೆ. ಆನೆಗಳು ಬೆದರದಿರಲೆಂದು ವಾರಗಳ ಮೊದಲೇ ಅವುಗಳ ಎದುರು ಹಾರಿಸಿ ತಾಲೀಮು ನಡೆಸುತ್ತಾರೆ.

ಕರಡುತಿದ್ದಿ:
ಹಾಗಾದರೆ ‘ಫಿರಂಗಿ’ ಎಲ್ಲಿಂದ ಬಂತು?

ಪದಮೂಲ:
ಜನರ ಹೆಸರಿನಿಂದ. ಯುರೋಪಿನ ಫ್ರಾಂಕರು ಅರಬ್ಬಿಯಲ್ಲಿ ಇಫ್ರಂಜ್, ಪಾರ್ಸಿಯಲ್ಲಿ ಫರಂಗ್ ಆದರು. ಹೊರಗಿನಿಂದ ಬಂದ ಬಿಳಿಯ ಫಿರಂಗಿ, ಅವನು ತಂದ ಆಯುಧವೂ ಫಿರಂಗಿ. ಪಪ್ಪಾಯಿಯೂ ಹಾಗೆಯೇ ಪರಂಗಿ ಹಣ್ಣಾಯಿತು. ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲಿ ಬರುವ ಫಿರಂಗ ರೋಗ ಸಿಫಿಲಿಸ್. ನೇತ್ರಾವತಿ ದಂಡೆಯ ಫರಂಗಿಪೇಟೆಯ ಹೆಸರನ್ನೂ ಫಿರಂಗಿ ಇಟ್ಟಿದ್ದ ಪೇಟೆ ಎಂದು ಓದಬೇಡಿ, ಅದು ಪೋರ್ಚುಗೀಸರ ನೆನಪು.

ಕರಡುತಿದ್ದಿ:
ಆ ವಾಕ್ಯ ಅಳಿಸಿ ‘ಊರ ಮರಗಳ ತೋಪು’ ಎಂದು ಬರೆದೆ. ಆಕಾರ್‌ಬಂದ್ ಸಿಕ್ಕ ಮೇಲೆ ವಿಸ್ತೀರ್ಣವನ್ನೂ ಸೇರಿಸುತ್ತೇನೆ.