ಅಪ್‌ಡೇಟ್: ಟವೆಲ್ ಬಿರುಸಾಗಿದ್ದು ಯಾಕೆ ಅಂತ ಗೊತ್ತಾಯ್ತು

ಮನೆಯಲ್ಲೇ ಮಾಡಿದ ಪುಡಿಯಲ್ಲಿ ಒಗೆದ ಮೇಲೆ ಟವೆಲ್ ರಟ್ಟಿನ ಹಾಗಾಗ್ತಿದೆ, ಬಿಳಿ ಬಟ್ಟೆ ಮಂಕಾಗ್ತಿದೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಪುಡಿಯಲ್ಲಿ ಇದ್ದದ್ದು ತುರಿದ ಸೋಪು, ವಾಷಿಂಗ್ ಸೋಡಾ, ಅಷ್ಟೇ.

"ಮೊದಲು ನೀರು ನೋಡಿ" ಅಂದವರೇ ಗೆದ್ದರು. ಬಾಟಲಿಯಲ್ಲಿ ಅರ್ಧ ನೀರಿಗೆ ಚೂರು ಸೋಪು ಹಾಕಿ ಜೋರಾಗಿ ಕುಲುಕಿದೆ. ನೊರೆ ಬರಲಿಲ್ಲ, ಮೊಸರೊಡೆದ ಹಾಗೆ ಬಿಳಿ ಗಸಿ ತೇಲಿತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡಾಗುತ್ತೆ. ತಿಂಗಳುಗಟ್ಟಲೆ ಎಳೆಎಳೆಯಲ್ಲೂ ಕೂತಿದ್ದು ಅದೇ! ವಾಷಿಂಗ್ ಸೋಡಾ ಗಡಸು ನೀರನ್ನು ಸ್ವಲ್ಪ ಮೆದು ಮಾಡುತ್ತೆ, ನಿಜ, ಆದರೆ ನಾನು ಹಾಕ್ತಿದ್ದ ಚಮಚಕ್ಕೆ ಆ ಶಕ್ತಿ ಇರಲಿಲ್ಲ.

ವಿನಿಗರ್, ಅಡುಗೆ ಸೋಡಾ ಎರಡನ್ನೂ ಒಟ್ಟಿಗೆ ಹಾಕಿ ಅಂದಿದ್ದರು ಒಬ್ಬರು. ಬುರುಗು ನೋಡೋಕೆ ಚೆಂದ, ಆಮೇಲೆ ಎರಡರ ಗುಣವೂ ಹೋಯ್ತು. ಈಗ ಬಿಸಿನೀರಲ್ಲಿ ವಾಷಿಂಗ್ ಸೋಡಾ ಹಾಕಿ ನೆನೆಸಿ, ಚೆನ್ನಾಗಿ ಜಾಲಿಸಿ, ಕೊನೆಯ ನೀರಿಗೆ ಮಾತ್ರ ಚೂರು ವಿನಿಗರ್. (ಬ್ಲೀಚ್ ಜೊತೆ ವಿನಿಗರ್ ಬೇಡವೇ ಬೇಡ, ಕ್ಲೋರಿನ್ ಅನಿಲ ಬರುತ್ತೆ.) ಮೂರು ಸಲ ಹೀಗೆ ಮಾಡಿದ ಮೇಲೆ ಟವೆಲ್ ಮತ್ತೆ ನೀರು ಹೀರ್ತಿದೆ.

ದಿನದ ಬಟ್ಟೆಗೆ ಅಂಟುವಾಳಕ್ಕೆ ಬದಲಾದೆ. ಅದರಲ್ಲಿ ನೊರೆ ಬರಿಸುವ ಅಂಶ, ಸ್ಯಾಪೋನಿನ್, ಗಡಸು ನೀರಲ್ಲೂ ಹೀಗೆ ಗಸಿ ಕಟ್ಟಲ್ಲ. ಕುದಿಸಿಟ್ಟ ರಸ ಮಾತ್ರ ನಾಲ್ಕನೇ ದಿನಕ್ಕೇ ನಾತ ಹೊಡೀತು, ಫ್ರಿಜ್ಜಲ್ಲಿಡಬೇಕಿತ್ತು. ಕಾಲರಿನ ಎಣ್ಣೆ ಕಲೆ ಅದಕ್ಕೂ ಜಗ್ಗಿಲ್ಲ, ಅಲ್ಲಿಗೆ ಇನ್ನೂ ಅಂಗಡಿಯ ಡಿಟರ್ಜೆಂಟೇ.