ಸಹಾಯ ಬೇಕು: ಮ್ಯಾಕ್ ಫಿಲ್ಟರ್ ಹಾಕಿದ ಮೇಲೆ ಫೋನ್ 5 ಗಿಗಾಹರ್ಟ್ಸ್‌ಗೆ ಸೇರುತ್ತಿಲ್ಲ

ನಮಸ್ಕಾರ. ಫೈಬರ್ ರೂಟರ್‌ನಲ್ಲಿ ಮ್ಯಾಕ್ ಫಿಲ್ಟರ್ (ಸಾಧನದ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಗುರುತು ಸಂಖ್ಯೆ ನೋಡಿ ಒಳಗೆ ಬಿಡುವ ವ್ಯವಸ್ಥೆ) ವೈಟ್‌ಲಿಸ್ಟ್ ಮೋಡ್‌ನಲ್ಲಿದೆ, ಅಂದರೆ ಪಟ್ಟಿಯಲ್ಲಿರುವ ಸಾಧನಗಳಿಗೆ ಮಾತ್ರ ಪ್ರವೇಶ. 2.4 ಗಿಗಾಹರ್ಟ್ಸ್ ವೈಫೈನಲ್ಲಿರುವ ಟಿವಿ, ಲ್ಯಾಪ್‌ಟಾಪ್‌ಗೆ ತೊಂದರೆ ಇಲ್ಲ. ಆಂಡ್ರಾಯ್ಡ್ 13 ಫೋನ್ ಕೂಡ 2.4ಕ್ಕೆ ಸೇರುತ್ತದೆ, 5ಕ್ಕೆ ಪಾಸ್‌ವರ್ಡ್ ಸರಿ ಇದ್ದರೂ ಇಲ್ಲ.

ಮೊದಲು ರ್‍ಯಾಂಡಮ್ ಮ್ಯಾಕ್ ಅಂದುಕೊಂಡೆ. ಆಂಡ್ರಾಯ್ಡ್ 10ರಿಂದೀಚೆಗೆ ಒಂದೊಂದು ವೈಫೈ ಹೆಸರಿಗೂ ಫೋನ್ ಒಂದೊಂದು ವಿಳಾಸ ತೋರಿಸುತ್ತದಲ್ಲ. ರೂಟರ್‌ನ ಲಾಗ್‌ನಲ್ಲಿ (ದಾಖಲೆ ಪುಟದಲ್ಲಿ) ‘ಡಿಎ’ಯಿಂದ ಶುರುವಾಗುವ ವಿಳಾಸವೇ ಇತ್ತು, ಎರಡನೇ ಅಕ್ಷರ 2, 6, ಎ, ಇ ಆದರೆ ಅದು ಕಂಪನಿ ಕೊಟ್ಟ ವಿಳಾಸವಲ್ಲ. ಎರಡೂ ನೆಟ್‌ವರ್ಕ್ ಫರ್ಗೆಟ್ ಮಾಡಿ, ಪ್ರೈವಸಿಯಲ್ಲಿ ಡಿವೈಸ್ ಮ್ಯಾಕ್ ಆರಿಸಿ, ಅದನ್ನೇ ಪಟ್ಟಿಗೆ ಸೇರಿಸಿದೆ. ಈಗ ಲಾಗ್‌ನಲ್ಲಿ ಅಸಲಿ ವಿಳಾಸ ಬರುತ್ತಿದೆ, ಆದರೂ 5 ಬಿಡುತ್ತಿಲ್ಲ.

ಫಿಲ್ಟರ್ ಪುಟದ ಡ್ರಾಪ್‌ಡೌನ್‌ನಲ್ಲಿ ಎಸ್‌ಎಸ್‌ಐಡಿ (ವೈಫೈ ಹೆಸರು) 1 ಮಾತ್ರ ಇದೆ. 5 ಗಿಗಾಹರ್ಟ್ಸ್‌ಗೆ ಬೇರೆಯೇ ಪಟ್ಟಿ ಇರುತ್ತದೆಯೇ? ಇದ್ದರೆ ಯಾವ ಮೆನುವಿನಲ್ಲಿ? ಫಿಲ್ಟರ್ ತೆಗೆಯದೆ ಆಗುವ ದಾರಿ ಹೇಳಿ, ದಯವಿಟ್ಟು.